ಹಿಮ್ಮಡಿ ನೋವಿಗೆ ಶಾಕ್‌ವೇವ್ ಥೆರಪಿ ಮಾಡಿಸಬಹುದಾ? ಕರೆಂಟ್ ಕೊಟ್ಟು ಮೂಳೆ ಒಡೆಯುತ್ತಾರಾ?

ಶಾಕ್‌ವೇವ್ ಅಂದರೆ ನೋಯುವ ಜಾಗಕ್ಕೆ ಹೊರಗಿನಿಂದಲೇ ಒತ್ತಡದ ಅಲೆ ಹಾಯಿಸುವ ಚಿಕಿತ್ಸೆ. ಮಾಡಿಸಬಹುದು, ಆದರೆ ಈಗಲೇ ಬೇಡ. ನೋವು ಶುರುವಾಗಿ ಇನ್ನೂ ಒಂದೂವರೆ ತಿಂಗಳು ಅಂತೀರಿ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಬೆಳೆದಿದೆ ಅಂತ ಬಂದ ಕೂಡಲೇ ಫಿಜಿಯೋ ಸೆಂಟರಿನವರು ಆರು ಸಿಟ್ಟಿಂಗ್ ಪ್ಯಾಕೇಜ್ ಹೇಳಿ ಅಡ್ವಾನ್ಸ್ ಕೇಳಿದ್ದಾರೆ ಅಂತಲೂ ಬರೆದಿದ್ದೀರಿ. ನಾನಾಗಿದ್ದರೆ ದುಡ್ಡು ಕಟ್ಟುತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಮೇಷ್ಟ್ರು. ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತೇ ಪಾಠ. ಬೆಳಗ್ಗೆ ಎದ್ದು ಕಾಲೂರಿದರೆ ಮೊಳೆ ಚುಚ್ಚಿದ ಹಾಗಾಗುವ ಆ ನೋವು ನನ್ನನ್ನೂ ವರ್ಷದ ಹತ್ತಿರ ಕಾಡಿತ್ತು. ಕೊನೆಗೆ ಶಾಕ್‌ವೇವ್ ಮಾಡಿಸಿಕೊಂಡೆ.

ಮೊದಲು ಆ ಎಕ್ಸ್‌ರೇ ಭಯ ಬಿಡಿ. ಒಂದು ದಿನವೂ ನೋವು ಕಾಣದ ಎಷ್ಟೋ ಜನರ ಹಿಮ್ಮಡಿಯಲ್ಲೂ ಹಾಗೆ ಮೂಳೆ ಬೆಳೆದಿರುತ್ತದೆ. ಸಾಮಾನ್ಯವಾಗಿ ನೋಯುವುದು ಅದಲ್ಲ, ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಪಾದದಡಿ ಹಾದುಹೋಗುವ ಪ್ಲಾಂಟಾರ್ ಫೇಶಿಯಾ ಅನ್ನುವ ಗಟ್ಟಿ ಪಟ್ಟಿ. ಶಾಕ್‌ವೇವ್ ಮೂಳೆಯನ್ನು ಒಡೆಯುವುದೂ ಇಲ್ಲ, ಕರಗಿಸುವುದೂ ಇಲ್ಲ. ಈ ಒಡೆಯುವ ಮಾತು ಬಂದಿದ್ದು ಕಿಡ್ನಿ ಕಲ್ಲಿನಿಂದ ಇರಬೇಕು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಸಲ ಹೊರಗಿನಿಂದಲೇ ಅಲೆ ಹಾಯಿಸಿ ರೋಗಿಯ ಕಿಡ್ನಿ ಕಲ್ಲು ಪುಡಿ ಮಾಡಿದರು. ಆ ಯಂತ್ರ ಮಾಡಿದ್ದು ಡಾರ್ನಿಯರ್, ವಿಮಾನದ ಕಂಪನಿ! ಮೂಳೆ, ಸ್ನಾಯುವಿನ ತೊಂದರೆಗಳಿಗೆ ಇದನ್ನು ಬಳಸಲು ಶುರು ಮಾಡಿದ್ದು ಆಮೇಲೆ, ಅದೂ ತುಂಬಾ ಕಡಿಮೆ ಶಕ್ತಿಯಲ್ಲಿ.

ಇನ್ನು ಕರೆಂಟ್. ನಿಮ್ಮ ಮೈಗೆ ಕರೆಂಟ್ ಹಾಯುವುದೇ ಇಲ್ಲ. ಫಿಜಿಯೋ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೇಡಿಯಲ್ ಮೆಷಿನ್. ಕೈಯಲ್ಲಿ ಹಿಡಿಯುವ ಪಿಸ್ತೂಲಿನಂಥ ಭಾಗದೊಳಗೆ ಒಂದು ಸಣ್ಣ ಲೋಹದ ತುಂಡು ಇರುತ್ತದೆ, ಗಾಳಿಯ ಒತ್ತಡಕ್ಕೆ ಅದು ಮುಂದೆ ನುಗ್ಗಿ ತುದಿಗೆ ಬಡಿಯುತ್ತದೆ, ಆ ಪೆಟ್ಟು ಚರ್ಮದ ಮೂಲಕ ಒಳಗೆ ಹೋಗುತ್ತದೆ. ಚರ್ಮದ ಹತ್ತಿರ ಜೋರು, ಆಳಕ್ಕೆ ಹೋದಂತೆ ಮಂಕು. ಫೋಕಸ್ಡ್ ಅಂತ ಇನ್ನೊಂದಿದೆ. ಅದರ ಅಲೆ ಒಳಗೆ ಒಂದು ಜಾಗದಲ್ಲಿ ಬಂದು ಸೇರುತ್ತದೆ. ನಿಜವಾದ ಶಾಕ್‌ವೇವ್ ಅದೇ. ಹಿಮ್ಮಡಿಗೆ ಎರಡನ್ನೂ ಬಳಸುತ್ತಾರೆ.

ನೋಯುತ್ತಾ? ನೋಯುತ್ತದೆ, ಸುಳ್ಳು ಯಾಕೆ. ಬೋರಲು ಮಲಗಿಸಿ, ಜೆಲ್ ಹಚ್ಚಿ, ಎಲ್ಲಿ ಜಾಸ್ತಿ ನೋವು ಅಂತ ನಮ್ಮನ್ನೇ ಕೇಳಿಕೊಂಡು ಅಲ್ಲೇ ಹಿಡಿಯುತ್ತಾರೆ. ಟಕ ಟಕ ಟಕ ಅಂತ ಸಾಮಾನ್ಯವಾಗಿ ಒಂದು ಸಲಕ್ಕೆ ಸುಮಾರು 2000 ಪೆಟ್ಟು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ತಡೆಯಲು ಆಗದಿದ್ದರೆ ಹೇಳಿ, ಒತ್ತಡ ಇಳಿಸುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೇಳಬೇಡಿ, ಅದನ್ನು ಕೊಟ್ಟರೆ ಫಲ ಕಡಿಮೆ ಅಂತ ಪರೀಕ್ಷೆಗಳಲ್ಲೇ ಕಂಡಿದೆ. ಅವತ್ತು ಕಾಲು ಸ್ವಲ್ಪ ಕೆಂಪಾಗಬಹುದು, ಊದಬಹುದು. ವಾರಕ್ಕೊಂದರಂತೆ 3ರಿಂದ 5 ಸಲ ಮಾಡುವುದು ರೂಢಿ. ಮುಗಿದ ಮರುದಿನವೇ ಓಡಾಡುತ್ತೇನೆ ಅಂದುಕೊಳ್ಳಬೇಡಿ. ಪೂರ್ತಿ ಫಲ ತಿಳಿಯಲು ಎರಡು ಮೂರು ತಿಂಗಳು ಬೇಕು. ನನಗೆ ನಿಧಾನವಾಗಿ ಮುಕ್ಕಾಲು ಪಾಲು ನೋವು ಹೋಯಿತು. ಅಷ್ಟೂ ಮೆಷಿನ್‌ನಿಂದಲೇ ಅಂತ ನಾನು ಆಣೆ ಇಡಲಾರೆ, ಯಾಕೆಂದರೆ ವ್ಯಾಯಾಮವನ್ನೂ ಬಿಟ್ಟಿರಲಿಲ್ಲ.

ಈಗಲೇ ಬೇಡ ಅಂದಿದ್ದಕ್ಕೆ ಕಾರಣವೂ ಅದೇ. ಈ ನೋವು ಬಹಳ ಜನರಿಗೆ ವರ್ಷದೊಳಗೆ ವ್ಯಾಯಾಮದಿಂದಲೇ ಇಳಿಯುತ್ತದೆ. 2000ದಲ್ಲಿ ಅಮೆರಿಕದಲ್ಲಿ ಔಷಧಿ, ಚಿಕಿತ್ಸೆಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಹಿಮ್ಮಡಿ ನೋವಿಗೆ ಮೊದಲ ಸಲ ಇಂಥ ಮೆಷಿನ್‌ಗೆ ಒಪ್ಪಿಗೆ ಕೊಟ್ಟಾಗಲೂ, ಆರು ತಿಂಗಳು ದಾಟಿ ಬೇರೆ ಚಿಕಿತ್ಸೆ ಫಲಿಸದವರಿಗೆ ಅಂತಲೇ ಹೇಳಿತ್ತು. ಹಾಗಾಗಿ ಮೊದಲು ಇದನ್ನು ಮಾಡಿ. ಬೆಳಗ್ಗೆ ಕಾಲೂರುವ ಮುಂಚೆ ಹಾಸಿಗೆಯಲ್ಲೇ ಕೂತು ಕಾಲ್ಬೆರಳುಗಳನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿಯಿರಿ, ಹತ್ತು ಎಣಿಸಿ ಬಿಡಿ, ಒಂದು ಹತ್ತು ಸಲ. ಗೋಡೆ ಹಿಡಿದು ಮೀನಖಂಡ ಎಳೆಯುವುದು ಇದ್ದೇ ಇದೆ. ಸ್ವಲ್ಪ ಪಳಗಿದ ಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ, ದಿನ ಬಿಟ್ಟು ದಿನ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ. ನಮ್ಮಮ್ಮ ಇದಕ್ಕೆ ಇವತ್ತಿಗೂ ಒಪ್ಪಿಲ್ಲ, ಅದಕ್ಕೇ ಒಂದು ಜೊತೆ ಹೊಸದು ತಂದು ಅದು ಹೊಸಿಲು ದಾಟಿ ಹೊರಗೆ ಹೋಗದ ಹಾಗೆ ಇಟ್ಟುಕೊಂಡಿದ್ದೇನೆ.

ಆರು ತಿಂಗಳಾದರೂ ಬಗ್ಗದಿದ್ದರೆ ಆಗ ಶಾಕ್‌ವೇವ್ ಯೋಚಿಸಿ. ಸ್ಟಿರಾಯ್ಡ್ ಇಂಜೆಕ್ಷನ್‌ಗಿಂತ ನನಗೆ ಇದೇ ವಾಸಿ ಅನಿಸಿತು. ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ ನಿಜ, ಆದರೆ ಅದು ಸಾಮಾನ್ಯವಾಗಿ ಕೆಲವು ವಾರಗಳ ಮಾತು, ಅಪರೂಪಕ್ಕೆ ಆ ಪಟ್ಟಿಯೇ ಹರಿಯುವ ಅಪಾಯವೂ ಇದೆ. ಹಾಗಂತ ಶಾಕ್‌ವೇವ್ ಎಲ್ಲದಕ್ಕೂ ಮದ್ದು ಅಂತ ಬರುವ ಜಾಹೀರಾತು ನಂಬಬೇಡಿ. ಟೆನಿಸ್ ಎಲ್ಬೋಗೆ, ಅಂದರೆ ಮೊಣಕೈ ಹೊರಬದಿಯ ನೋವಿಗೆ, ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ ಅಂತ 2005ರಲ್ಲೇ ಕಾಕ್ರೇನ್‌ನವರ (ಚಿಕಿತ್ಸೆಗಳ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ವಿಮರ್ಶೆ ಹೇಳಿದೆ.

ಬಸುರಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಆ ಜಾಗದಲ್ಲಿ ಗೆಡ್ಡೆ ಇದ್ದರೆ ಮಾಡಿಸಬಾರದು. ಸೆಂಟರಿಗೆ ಹೋದಾಗ ಯಾವ ಮೆಷಿನ್, ಜೊತೆಗೆ ವ್ಯಾಯಾಮ ಹೇಳಿಕೊಡುತ್ತೀರಾ, ಆಯಾ ಸಿಟ್ಟಿಂಗಿಗೆ ಆಯಾ ದಿನ ದುಡ್ಡು ಕೊಡಬಹುದಾ ಅಂತ ಕೇಳಿ. ಕೊನೆಯದಕ್ಕೆ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ. ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದು, ಪಾದ ಜುಮ್ ಅನ್ನುವುದೋ ಉರಿಯುವುದೋ ಆಗುತ್ತಿದ್ದರೆ ಅದು ನರದ ತೊಂದರೆ ಇರಬಹುದು, ಫಿಜಿಯೋಗಿಂತ ಮೊದಲು ಡಾಕ್ಟರಿಗೆ ತೋರಿಸಿ.