ಹೈಲಕ್ಸ್‌ಗೆ ದೊಡ್ಡ ಟೈರು: ಎತ್ತಿದರಷ್ಟೇ ಸಾಲದು

ಗ್ಯಾರೇಜ್ ಕಟ್ಟೆ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಕಪ್ಪನ್ನು ದೂರಪಯಣಕ್ಕೆ ಸಜ್ಜು ಮಾಡುತ್ತಿರುವವರ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಎಲ್ಲವೂ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ ಕುರಿತವು.

ಪ್ರಶ್ನೆ: ನನ್ನ ಗಾಡಿಯಲ್ಲಿರುವುದು 265/60 ಆರ್18 ಟೈರು. ಮೇಲೆ ಟೆಂಟು, ಹಿಂದೆ ಫ್ರಿಜ್ಜು, ನೀರಿನ ಟ್ಯಾಂಕು ಇಟ್ಟುಕೊಂಡು ಲಡಾಖ್‌ಗೆ ಹೋಗಬೇಕೆಂದಿದ್ದೇನೆ. 2 ಇಂಚು ಲಿಫ್ಟ್ ಹಾಕಿಸಿದರೆ 285/70 ಆರ್17 ಸಲೀಸಾಗಿ ಕೂರುತ್ತದೆ ಅನ್ನುತ್ತಾರೆ. ಹೌದೇ? – ಓದುಗರು, ಮಂಗಳೂರು

ಉತ್ತರ: ನಿಂತ ಗಾಡಿಯಲ್ಲಿ ಕೂರುತ್ತದೆ. ಓಡುವ ಗಾಡಿಯ ಮಾತು ಬೇರೆ. ಲಿಫ್ಟ್ ಬದಲಿಸುವುದು ಗಾಡಿ ನಿಲ್ಲುವ ಎತ್ತರವನ್ನು ಮಾತ್ರ. ಚಕ್ರ ಎಲ್ಲಿಯವರೆಗೆ ಮೇಲೇರಬಹುದು ಎಂಬುದನ್ನಲ್ಲ. ದೊಡ್ಡ ಗುಂಡಿಗೆ ಬಿದ್ದು ಸಸ್ಪೆನ್ಷನ್ ಬಂಪ್ ಸ್ಟಾಪ್‌ಗೆ (ಚಕ್ರದ ಮೇಲೇರುವಿಕೆಯನ್ನು ತಡೆಯುವ ರಬ್ಬರು) ತಾಗಿದಾಗ ಲಿಫ್ಟ್ ಇದ್ದರೂ ಇಲ್ಲದಿದ್ದರೂ ಚಕ್ರ ಬಂದು ನಿಲ್ಲುವುದು ಅದೇ ಜಾಗಕ್ಕೆ. ಆ ಹೊತ್ತಿಗೆ ಸ್ಟಿಯರಿಂಗ್ ಕೂಡ ತಿರುಗಿದ್ದರೆ ಉಜ್ಜುವುದು ಖಚಿತ.

ಲೆಕ್ಕ ನೋಡಿ. 265/60 ಆರ್18 ಅಂದರೆ ಅಗಲ 265 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅದರ 60%, ರಿಮ್ 18 ಇಂಚು. ನಿಮ್ಮ ಈಗಿನ ಟೈರಿನ ವ್ಯಾಸ 775 ಮಿ.ಮೀ. 285/70 ಆರ್17ರದು 831. ಅಂದರೆ ಸುತ್ತಲೂ 28 ಮಿ.ಮೀ. ಜಾಸ್ತಿ ಜಾಗ ಬೇಕು, ಅಗಲದಲ್ಲಿ ಎರಡೂ ಕಡೆ 10 ಮಿ.ಮೀ. ಬೇಕು. ಅದಕ್ಕೆ ಒಳಗಿನ ಪ್ಲಾಸ್ಟಿಕ್ ಲೈನರ್ ಕತ್ತರಿಸಬೇಕು, ಲೋಹದ ಅಂಚು ಬಡಿದು ಮಡಚಬೇಕು. ಹಲವು ಗಾಡಿಗಳಲ್ಲಿ ಮುಂಚಕ್ರದ ಹಿಂದಿರುವ ಬಾಡಿ ಮೌಂಟ್‌ನ ಮೂಲೆಯನ್ನೂ ಕತ್ತರಿಸಿ ಮರುವೆಲ್ಡ್ ಮಾಡಬೇಕಾಗುತ್ತದೆ. ಕ್ಯಾಬಿನ್ ಚಾಸಿಸ್ ಮೇಲೆ ನಿಂತಿರುವುದು ಇಂಥ ಮೌಂಟ್‌ಗಳ ಮೇಲೆ. ಬೀದಿಬದಿ ವೆಲ್ಡಿಂಗ್‌ಗೆ ಒಪ್ಪಿಸುವ ಭಾಗವಲ್ಲ.

ಲಿಫ್ಟ್ ವಿಷಯದಲ್ಲೂ ಒಂದು ಮಿತಿಯಿದೆ. ಕಂಪನಿಯ ಅಪ್ಪರ್ ಆರ್ಮ್ (ಮುಂಚಕ್ರವನ್ನು ಚಾಸಿಸ್‌ಗೆ ಸೇರಿಸುವ ಮೇಲಿನ ತೋಳು) ಹಾಗೇ ಇದ್ದರೆ ಮುಂಭಾಗವನ್ನು ಸುಮಾರು 40 ಮಿ.ಮೀ.ಗಿಂತ ಎತ್ತಬೇಡಿ. ಅದಕ್ಕಿಂತ ಮೇಲೆ ಹೋದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂಬಾಗು) ಕಡಿಮೆಯಾಗಿ ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯತೊಡಗುತ್ತದೆ, ಸಿವಿ ಜಾಯಿಂಟ್‌ನ (ಮುಂಚಕ್ರಕ್ಕೆ ಎಳೆತ ಮುಟ್ಟಿಸುವ ಕೀಲು) ಕೋನ ಕಡಿದಾಗಿ ಅದರ ರಬ್ಬರು ಬೂಟು ಹರಿದು ಗ್ರೀಸು ಹೊರಬರುತ್ತದೆ.

ನಮ್ಮನ್ನು ಕೇಳಿದರೆ ನಿಮ್ಮ ಪಯಣಕ್ಕೆ 265/70 ಆರ್17 ಸಾಕು. ವ್ಯಾಸ 803 ಮಿ.ಮೀ., ನೆಲದಿಂದ ಆಕ್ಸಲ್ ಎತ್ತರ 14 ಮಿ.ಮೀ. ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಲಾಭ ಸೈಡ್‌ವಾಲ್‌ನಲ್ಲಿದೆ: 159 ಮಿ.ಮೀ. ಇದ್ದದ್ದು 185 ಆಗುತ್ತದೆ. ಕಲ್ಲಿನ ಹೊಡೆತದಿಂದ ರಿಮ್ ಉಳಿಸುವುದೇ ಅದು. 33 ಇಂಚು (ಅದೇ 285/70 ಆರ್17) ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ಪ್ರಶ್ನೆ: ಟೈರು ಎಲ್ಲಿ ಉಜ್ಜುತ್ತದೆ ಎಂದು ದುಡ್ಡು ಕೊಡುವ ಮೊದಲೇ ತಿಳಿಯುವುದು ಹೇಗೆ? – ಓದುಗರು, ಸಾಗರ

ಉತ್ತರ: ಹೊಸ ಅಳತೆಯ ಒಂದೇ ಒಂದು ಚಕ್ರವನ್ನು ರಿಮ್ ಸಮೇತ ಎರವಲು ತನ್ನಿ. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಒಂದು ಕಡೆಯ ಸ್ಪ್ರಿಂಗ್ ಸಮೇತದ ಸ್ಟ್ರಟ್ ಬಿಚ್ಚಿ ಪಕ್ಕಕ್ಕಿಡಿ. ಚಕ್ರ ಹಾಕಿ. ಲೋವರ್ ಆರ್ಮ್ ಕೆಳಗೆ ಜ್ಯಾಕ್ ಇಟ್ಟು ಬಂಪ್ ಸ್ಟಾಪ್‌ಗೆ ತಾಗುವವರೆಗೆ ಮೆಲ್ಲಗೆ ಎತ್ತುತ್ತಾ, ಪ್ರತಿ 2 ಸೆಂ.ಮೀ.ಗೊಮ್ಮೆ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬ್ರೇಕ್ ಹೋಸು ಎಳೆಯದಂತೆ ನೋಡಿಕೊಳ್ಳಿ. ಟೈರಿಗೆ ಸೀಮೆಸುಣ್ಣ ಬಳಿದಿದ್ದರೆ ತಾಗಿದ ಕಡೆ ಬಿಳಿ ಗುರುತು ತಾನೇ ಬೀಳುತ್ತದೆ. ಸ್ಪ್ರಿಂಗ್ ಇಟ್ಟುಕೊಂಡೇ ಜ್ಯಾಕ್ ಹೊಡೆದರೆ ಗಾಡಿ ಎದ್ದೀತೇ ಹೊರತು ಸ್ಪ್ರಿಂಗ್ ಪೂರ್ತಿ ಅದುಮುವುದಿಲ್ಲ, ಪರೀಕ್ಷೆ ಸುಳ್ಳಾಗುತ್ತದೆ.

ಗುರುತು ಸಾಮಾನ್ಯವಾಗಿ ಮೂರು ಕಡೆ ಬರುತ್ತದೆ: ಮುಂದಿನ ಬಂಪರ್‌ನ ಲೈನರ್, ಮುಂಚಕ್ರದ ಹಿಂದಿರುವ ಮಡ್‌ಫ್ಲ್ಯಾಪ್, ಅದರ ಒಳಗಿನ ಲೋಹದ ಅಂಚು. ಮಡ್‌ಫ್ಲ್ಯಾಪ್ ಹಿಂದಕ್ಕೆ ಸರಿಸಿದರೆ ಆಯಿತು. ಲೈನರ್‌ಗೆ ಹೀಟ್ ಗನ್ ಹಿಡಿದು, ಮೆತ್ತಗಾದಾಗ ಒತ್ತಿ ಕೂರಿಸಬಹುದು. ಮೊದಲೇ ಕತ್ತರಿ ಎತ್ತಿಕೊಳ್ಳಬೇಡಿ. ಲೋಹದ ಅಂಚು ಬಡಿದಲ್ಲಿ ಬಣ್ಣ ಬಿರುಕು ಬಿಡುತ್ತದೆ. ಅದೇ ದಿನ ಜಿಂಕ್ ಪ್ರೈಮರ್, ಸೀಮ್ ಸೀಲರ್, ಮೇಲೆ ಅಂಡರ್‌ಕೋಟ್ ಹಚ್ಚದಿದ್ದರೆ ಮಲೆನಾಡಿನ ಒಂದು ಮಳೆಗಾಲ ಸಾಕು, ತುಕ್ಕು ಶುರುವಾಗುತ್ತದೆ.

ಮುಂಚಕ್ರ ಹಿಂಬದಿಗೆ ಉಜ್ಜುತ್ತಿದ್ದು ಮುಂಬದಿಗೆ ಜಾಗ ಉಳಿದಿದ್ದರೆ ಏನನ್ನೂ ಕೊಯ್ಯದೆ ಕೆಲಸವಾದೀತು. ಲೋವರ್ ಆರ್ಮ್‌ನ ಕ್ಯಾಮ್ ಬೋಲ್ಟ್ ತಿರುಗಿಸಿ ಕ್ಯಾಸ್ಟರ್ ಹೆಚ್ಚಿಸಿದರೆ ಚಕ್ರ ಕೆಲವು ಮಿ.ಮೀ. ಮುಂದಕ್ಕೆ ಸರಿಯುತ್ತದೆ. ಅಲೈನ್‌ಮೆಂಟ್‌ನವರು ಟೋ (ಮುಂಚಕ್ರಗಳು ಒಳಗೆ-ಹೊರಗೆ ತಿರುಗಿರುವ ಕೋನ) ಮಾತ್ರ ನೋಡಿ ಬಿಲ್ ಕೊಡುತ್ತಾರೆ. ಎದುರಿಗೆ ನಿಂತು ಮಾಡಿಸಿ, ಕ್ಯಾಸ್ಟರ್ ಅಂಕಿಯಿರುವ ಚೀಟಿ ಕೇಳಿ ಪಡೆಯಿರಿ.

ಪ್ರಶ್ನೆ: ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಹಾಕುವ ಬಿಲ್ಲೆ) ಹಾಕಿ ಚಕ್ರ ಹೊರಗೆ ತಳ್ಳಿದರೆ ಉಜ್ಜುವುದು ನಿಲ್ಲುತ್ತದೆಯೇ? – ಓದುಗರು, ಹಾಸನ

ಉತ್ತರ: ಒಳಗಡೆ ಅಪ್ಪರ್ ಆರ್ಮ್‌ಗೆ ತಾಗುವುದು ನಿಲ್ಲುತ್ತದೆ, ಬಂಪರ್‌ಗೆ ತಾಗುವುದು ಹೆಚ್ಚಾಗುತ್ತದೆ. ಚಕ್ರ ಹೊರಗೆ ಹೋದಷ್ಟೂ ತಿರುಗುವಾಗ ದೊಡ್ಡ ಕಮಾನು ಬರೆಯುತ್ತದೆ, ವೀಲ್ ಬೇರಿಂಗ್ ಮೇಲಿನ ಹೊರೆಯೂ ಏರುತ್ತದೆ. ರಿಮ್ ಬದಲಿಸುವುದೇ ಆದರೆ 6 ಬೋಲ್ಟ್, 139.7 ಮಿ.ಮೀ. ಪಿಸಿಡಿ (ಬೋಲ್ಟುಗಳ ಸುತ್ತಿನ ವ್ಯಾಸ), ನಡುವಿನ ರಂಧ್ರ 106.1 ಮಿ.ಮೀ. ಇರುವ 17 ಇಂಚಿನದನ್ನು ಕೊಳ್ಳಿ. ಆಫ್‌ಸೆಟ್ (ರಿಮ್ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಇರುವ ದೂರ) ಮೂಲದ ಆಸುಪಾಸಿನಲ್ಲೇ ಇರಲಿ. ಹೊಸ ರಿಮ್ ಹಾಕಿ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿಸಿ.

ಪ್ರಶ್ನೆ: ಸ್ಪೀಡೋಮೀಟರ್, ಸರ್ವಿಸ್ ಲೆಕ್ಕ ಏನಾಗುತ್ತದೆ? – ಓದುಗರು, ಕಾರ್ಕಳ

ಉತ್ತರ: ಮೂಲ ಟೈರಿನಲ್ಲಿ ನಿಜವಾದ 100 ಕಿ.ಮೀ. ವೇಗವಿದ್ದಲ್ಲಿ 803 ಮಿ.ಮೀ. ಟೈರಿನಲ್ಲಿ 103.6, 831ರಲ್ಲಿ 107 ಆಗುತ್ತದೆ. ಸ್ಪೀಡೋಮೀಟರುಗಳು ಹೇಗೂ ಕೊಂಚ ಹೆಚ್ಚೇ ತೋರಿಸುವುದರಿಂದ 803ರ ಅಳತೆಯಲ್ಲಿ ಮುಳ್ಳು ಸತ್ಯಕ್ಕೆ ಹತ್ತಿರವಾಗುತ್ತದೆ. ಓಡೋಮೀಟರ್ ಮಾತ್ರ ಹಿಂದೆ ಬೀಳುತ್ತದೆ: 831ರ ಟೈರಿನಲ್ಲಿ 9,330 ತೋರಿಸುವಾಗಲೇ ಗಾಡಿ 10,000 ಕಿ.ಮೀ. ಓಡಿರುತ್ತದೆ. ಎಣ್ಣೆ ಬದಲಿಸುವ ಲೆಕ್ಕ ಅದರಂತೆ ಇಡಿ. ಚಕ್ರಕ್ಕೆ ಸಿಗುವ ಎಳೆತ ಕೂಡ ಸುಮಾರು 7% ಕುಗ್ಗುತ್ತದೆ. ಹೊರೆ ಹೊತ್ತು ಘಾಟಿ ಹತ್ತುವಾಗ ಗೇರು ಒಂದು ಕೆಳಗಿಳಿಯುತ್ತಲೇ ಇರುತ್ತದೆ.

ಪ್ರಶ್ನೆ: ಎಲ್‌ಟಿ (ಲೈಟ್ ಟ್ರಕ್) ಟೈರಿಗೆ ಗಾಳಿ ಎಷ್ಟು? ಎತ್ತರದ ಪಾಸ್‌ಗಳಲ್ಲಿ ಇಳಿಸಬೇಕೇ? – ಓದುಗರು, ಮಂಗಳೂರು

ಉತ್ತರ: ಬಾಗಿಲ ಅಂಚಿನ ಚೀಟಿಯ ಅಂಕಿ ಮೂಲ ಟೈರಿನದು, ದಪ್ಪ ಪದರದ ಎಲ್‌ಟಿಗೆ ಅದೇ ಹೊರೆಗೆ ಇನ್ನಷ್ಟು ಬೇಕು. ತುಂಬಿದ ಗಾಡಿಯನ್ನು ವೇ ಬ್ರಿಜ್‌ಗೆ ಒಯ್ದು ಮುಂದಿನ, ಹಿಂದಿನ ಆಕ್ಸಲ್ ತೂಕ ಬೇರೆಬೇರೆ ಬರೆದುಕೊಳ್ಳಿ. ಬೆಳಗ್ಗೆ ತಣ್ಣಗಿರುವಾಗ ತುಂಬಿಸಿ, ಒಂದು ಗಂಟೆ ಓಡಿಸಿ ಅಳೆಯಿರಿ. 6 ಪಿಎಸ್‌ಐಗಿಂತ (ಗಾಳಿ ಒತ್ತಡದ ಅಳತೆ) ಹೆಚ್ಚು ಏರಿದ್ದರೆ ಬೆಳಗಿನ ಗಾಳಿ ಕಡಿಮೆಯಾಯಿತು. ತೀರಾ ಕಡಿಮೆ ಏರಿದ್ದರೆ ಹೆಚ್ಚಾಯಿತು.

ಸುಮಾರು 5,350 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ಹೊರಗಿನ ಒತ್ತಡ ಕಡಲತೀರದ ಅರ್ಧದಷ್ಟು. ಅದೊಂದರಿಂದಲೇ ಗೇಜು 7 ಪಿಎಸ್‌ಐ ಮೇಲೇರುತ್ತದೆ. ಆದರೆ 30 ಡಿಗ್ರಿಯಿಂದ ಸೊನ್ನೆಗಿಳಿಯುವ ಚಳಿ 5ರಷ್ಟನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಹಾಗಾಗಿ ಪಾಸ್‌ನ ತುದಿಯಲ್ಲಿ ಬಿಸಿ ಟೈರಿನ ಗಾಳಿ ಬಿಡಬೇಡಿ; ಮರುದಿನ ಬೆಳಗ್ಗೆ ನೋಡಿ ಸರಿಪಡಿಸಿ. ಗಾಳಿಯೇ ತೆಳುವಾದ್ದರಿಂದ ಅಲ್ಲಿ ಕಂಪ್ರೆಸರ್ ಸುಮಾರು ಎರಡರಷ್ಟು ಹೊತ್ತು ಓಡಬೇಕು, ನಡುನಡುವೆ ತಣಿಯಲು ಬಿಡಿ.

ಪ್ರಶ್ನೆ: ಆರ್‌ಟಿಒ ತಕರಾರು ಬರುತ್ತದೆಯೇ? – ಓದುಗರು, ತುಮಕೂರು

ಉತ್ತರ: ಬರಬಹುದು. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ನೋಡುವುದೂ ಇದನ್ನೇ. ತಕರಾರು ಬೇಡವೆನ್ನುವವರಿಗೆ ದಾರಿಯಿದೆ: ಹೈಲಕ್ಸ್‌ನ ಕೆಳಗಿನ ಮಾದರಿಗೆ ಕಂಪನಿಯೇ ಕೊಟ್ಟಿದ್ದ 265/65 ಆರ್17. ವ್ಯಾಸ 776 ಮಿ.ಮೀ., 18ರದಕ್ಕಿಂತ ಒಂದೇ ಮಿ.ಮೀ. ಹೆಚ್ಚು, ಸೈಡ್‌ವಾಲ್ 13 ಮಿ.ಮೀ. ಹೆಚ್ಚು. ಅದರಲ್ಲೇ ಒಳ್ಳೆಯ ಆಲ್ ಟೆರೇನ್ (ರಸ್ತೆಗೂ ಕಚ್ಚಾ ಹಾದಿಗೂ ಒಗ್ಗುವ ಟೈರು) ಹಾಕಿಸಿದರೆ ಲಿಫ್ಟೂ ಬೇಡ, ಕತ್ತರಿಯೂ ಬೇಡ.

ಪ್ರಶ್ನೆ: ಸ್ಟೆಪ್ನಿ ಹಳೆಯದೇ ಇದ್ದರೆ ನಡೆಯುವುದೇ? – ಓದುಗರು, ಶಿರಸಿ

ಉತ್ತರ: ಇಲ್ಲ. ಐದೂ ಒಂದೇ ಅಳತೆಯದ್ದಿರಲಿ. ಒಂದು ಚಕ್ರ ಚಿಕ್ಕದಾದರೆ ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿದಾಗ ಡ್ರೈವ್‌ಲೈನ್ ಬಿಗಿದುಕೊಂಡು ಲಿವರ್ ಹೊರಬರುವುದೇ ಕಷ್ಟವಾಗುತ್ತದೆ. ಬಾಡಿಯ ಕೆಳಗಿನ ಜಾಗವನ್ನು ಕೊಳ್ಳುವ ಮೊದಲೇ ಅಳೆಯಿರಿ; 285 ಹಾಕಿದವರ ಐದನೆಯ ಚಕ್ರ ಕಡೆಗೆ ಹಿಂದಿನ ತೊಟ್ಟಿಯೊಳಗೆ, ಫ್ರಿಜ್ಜಿನ ಜಾಗದಲ್ಲಿ ಬಂದು ಕೂರುತ್ತದೆ.