ದಾಲ್ ಮಿಲ್ ಸಾಲ: ಅನುಪಾತ 1.5 ಬಂತು ಅಂತ ಸಹಿ ಹಾಕಬೇಡ್ರಿ

ಮಾನ್ವಿಯ ಅಣ್ಣಾರು ಕೇಳಿದ್ದು: ಎಫ್‌ಪಿಒ (ರೈತ ಉತ್ಪಾದಕರ ಕಂಪನಿ) ಕಡೆಯಿಂದ 1 ಕೋಟಿಯ ದಾಲ್ ಮಿಲ್, ಸದಸ್ಯರ ಷೇರು ಹಣ 40 ಲಕ್ಷ, 11% ಬಡ್ಡಿಗೆ ಟರ್ಮ್ ಲೋನ್ 60 ಲಕ್ಷ, 6 ವರ್ಷ. ಸಾಲ–ಬಂಡವಾಳ ಅನುಪಾತ 1.5, ಇಷ್ಟಿದ್ದರೆ ಸಾಕಲ್ಲ?

ಸಾಕಾಗಲ್ಲ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಪ್ರಕಾರ ಸಿಸಿ (ಕ್ಯಾಶ್ ಕ್ರೆಡಿಟ್, ಮಾಲಿನ ಮೇಲೆ ಬ್ಯಾಂಕು ಕೊಡುವ ಸಾಲ) ಬಡ್ಡಿ ಕಳೆದು ವರ್ಷಕ್ಕೆ 22 ಲಕ್ಷ ಉಳಿಯುತ್ತದೆ. ಸವಕಳಿ (ಮಷೀನು ಸವೆದದ್ದಕ್ಕೆ ಲೆಕ್ಕದಲ್ಲಿ ಹಿಡಿಯುವ ಖರ್ಚು) 6 ತೆಗೆದರೆ 16. ಟರ್ಮ್ ಲೋನಿನ ಮೊದಲ ವರ್ಷದ ಬಡ್ಡಿ 6.6. ಅಂದರೆ ಬಡ್ಡಿಯ 2.4 ಪಟ್ಟು ದುಡಿಮೆ, ನೋಡಾಕ ಚಂದ ಕಾಣ್ತದ. ಆದರೆ ಅಸಲು 10 ಲಕ್ಷವನ್ನೂ ಕಟ್ಟಬೇಕಲ್ಲ, ಒಟ್ಟು 16.6. 16ರಲ್ಲಿ ಬಡ್ಡಿ ಕಳೆದರೆ 9.4, ಅದರಲ್ಲಿ ಸುಮಾರು 25% ತೆರಿಗೆ ಹೋಗಿ ಲಾಭ 7.05, ಸವಕಳಿ ಕೈಯಿಂದ ಹೋಗುವ ದುಡ್ಡಲ್ಲ, ಅದನ್ನೂ ಬಡ್ಡಿಯನ್ನೂ ವಾಪಸ್ ಕೂಡಿಸಿದರೆ 19.65. ಇದನ್ನ ಕಟ್ಟಬೇಕಾದ 16.6ರಿಂದ ಭಾಗಿಸಿದರೆ ಬರೋದೇ ಡಿಎಸ್‌ಸಿಆರ್ (ಕಂತು ಕಟ್ಟೋ ತಾಕತ್ತಿನ ಅನುಪಾತ), ಬರೀ 1.18. ಬ್ಯಾಂಕಿನವರು ಸಾಮಾನ್ಯವಾಗಿ ಸರಾಸರಿ 1.5ರ ಆಸುಪಾಸು ಕೇಳ್ತಾರೆ.

ಈಗ ಮಳೆ ಕೈಕೊಟ್ಟು ತೊಗರಿ ಕಡಿಮೆ ಬಂದು 22 ಇದ್ದದ್ದು 30% ಇಳಿದು 15.4 ಆಯ್ತು ಅಂದ್ಕೊಳ್ಳಿ. ಅದೇ ಲೆಕ್ಕಕ್ಕೆ ಡಿಎಸ್‌ಸಿಆರ್ 0.89, ಕಂತಿಗೆ ಸುಮಾರು 1.9 ಲಕ್ಷ ಕಡಿಮೆ. ಒಳ್ಳೆ ವರ್ಷ ಮಿಲ್ ಹಾಕಿದ 1 ಕೋಟಿ ಮೇಲೆ 16% ದುಡಿದು 11% ಬಡ್ಡಿ ಕಟ್ಟುತ್ತದೆ, ಮಿಕ್ಕಿದ್ದು ಷೇರುದಾರರಿಗೆ, ತೆರಿಗೆಗೆ ಮುಂಚೆ 23.5% ಆಗ್ತದ. ಕೆಟ್ಟ ವರ್ಷ ದುಡಿಮೆ 9.4%, ಬಡ್ಡಿ ಮಾತ್ರ ಅದೇ 11. ಷೇರುದಾರರಿಗೆ 7% ಉಳಿದರೆ ಪುಣ್ಯ. ಸಾಲವೇ ಇಲ್ಲದಿದ್ದರೆ 9.4 ಸಿಗ್ತಿತ್ತು.

ಮೊದಲು ಅವಧಿ ಉದ್ದ ಮಾಡಿಸ್ರಿ. 8 ವರ್ಷಕ್ಕೆ ಅಸಲು 7.5 ಆಗಿ, ಡಿಎಸ್‌ಸಿಆರ್ ಒಳ್ಳೆ ವರ್ಷ 1.39, ಕೆಟ್ಟ ವರ್ಷ 1.04. ಬಡ್ಡಿ ಹೆಚ್ಚು ದಿನ ಬೀಳ್ತದ, ಖರೆ. ಆದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗೋದಕ್ಕಿಂತ ಅದು ಅಗ್ಗ. ಎಐಎಫ್ (ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ) ಅಡಿ ಮಂಜೂರಾದರೆ 2 ಕೋಟಿವರೆಗಿನ ಸಾಲಕ್ಕೆ 7 ವರ್ಷದವರೆಗೆ 3% ಬಡ್ಡಿ ರಿಯಾಯಿತಿ, ನಿಮಗೆ ಮೊದಲ ವರ್ಷ ಸುಮಾರು 1.8 ಲಕ್ಷ.

ರಿಪೋರ್ಟಿನಾಗ ಯಾರೂ ನೋಡದ ಜಾಗ ಸಿಸಿ. ಸೀಸನ್‌ನಲ್ಲಿ ರಾಯಚೂರು ಗಂಜಿನಿಂದಲೂ (ಮಾರುಕಟ್ಟೆ) ರೈತರಿಂದಲೂ 1 ಕೋಟಿ ಮಾಲು ತುಂಬಿದಿರಿ, ಅದರಲ್ಲಿ ರೈತರಿಗೆ ಬಾಕಿ 20 ಲಕ್ಷ. ಬ್ಯಾಂಕು 20 ತೆಗೆದು, ಉಳಿದ 80ರಲ್ಲಿ 25% ಮಾರ್ಜಿನ್ (ನಿಮ್ಮ ಪಾಲು) ಹಿಡಿದರೆ ಎತ್ತಾಕ ಸಿಗೋದು 60. ಇನ್ನ 20 ಲಕ್ಷ ನಿಮ್ಮ ಕೈಯಿಂದ ಹಾಕಬೇಕು. ಎಲ್ಲಿಂದ? 40 ಲಕ್ಷವೂ ಮಷೀನಿಗೆ ಹೋಗಿದೆ! ಮೇಲೆ ತೊಗರಿ ದರ 15% ಬಿದ್ದರೆ ಮಿತಿ 48.75ಕ್ಕೆ ಇಳಿಯುತ್ತದೆ, 11.25 ಲಕ್ಷ ತಕ್ಷಣ ವಾಪಸ್ ಕಟ್ಟಬೇಕಾಗ್ತದ.

ಸಿಸಿ 60, ರೈತರ ಬಾಕಿ 20, ಟರ್ಮ್ ಲೋನ್ 60: ಒಟ್ಟು 140, ನಿಮ್ಮ ಬಂಡವಾಳ 40. ಬ್ಯಾಂಕಿನವರ ಟಿಒಎಲ್/ಟಿಎನ್‌ಡಬ್ಲ್ಯೂ (ಹೊರಗಿನವರ ಒಟ್ಟು ಬಾಕಿಯನ್ನ ಸ್ವಂತ ಬಂಡವಾಳದಿಂದ ಭಾಗಿಸಿದ್ದು) 3.5 ಬರೋದು ಹೀಗೆ. ಮೊದಲು ಇನ್ನ 20 ಲಕ್ಷ ಷೇರು ಹಣ ಎತ್ತಿ ಮಾಲಿಗಂತ ಬೇರೆ ಇಡ್ರಿ, ಆ ಅನುಪಾತ 2.33ಕ್ಕೆ ಬರ್ತದ. ಆಮೇಲೆ ಮ್ಯಾನೇಜರ್ ಹತ್ರ ಹೋಗ್ರಿ.