ಹಕ್ಕಿಗಳನ್ನು ದನಿಯಿಂದಲೇ ಗುರುತಿಸಲು ಕಲಿಯುವುದು ಹೇಗೆ?

ಎಲೆಗಳ ಮರೆಯಲ್ಲಿರುವ ಹಕ್ಕಿಯನ್ನು ಬರೀ ಕೂಗಿನಿಂದ ಹೇಳಬಹುದಾ ಅಂದರೆ, ಖಂಡಿತ ಹೇಳಬಹುದು. ಆದರೆ ನೂರು ಹಕ್ಕಿಗಳ ರೆಕಾರ್ಡಿಂಗ್ ಕೇಳಿ ಉರು ಹೊಡೆಯಬೇಡಿ, ಎಲ್ಲ ಕಲಸುಮೇಲೋಗರ ಆಗುತ್ತದೆ. ದಿನಾ ಕಿವಿಗೆ ಬೀಳುವ ನಾಲ್ಕೈದರಿಂದ ಶುರು ಮಾಡಿ. ದನಿ ಬಂದ ಕಡೆ ಮೆಲ್ಲಗೆ ಹೋಗಿ, ಅದು ಕೊಕ್ಕು ತೆರೆದು ಕೂಗುವುದನ್ನು ಕಣ್ಣಾರೆ ನೋಡಿ. ಹಾಗೆ ಕಲಿತದ್ದು ಸುಲಭಕ್ಕೆ ಮರೆಯುವುದಿಲ್ಲ.

ಹಾಡು ಬೇರೆ, ಕರೆ ಬೇರೆ. ಹಾಡು ಸಾಮಾನ್ಯವಾಗಿ ಉದ್ದ. ಸಂಗಾತಿಯನ್ನು ಸೆಳೆಯಲು, ತನ್ನ ಜಾಗ ಕಾಯಲು. ಗೂಡು ಕಟ್ಟುವ ಕಾಲದಲ್ಲಿ, ಅದರಲ್ಲೂ ನಸುಕಿನಲ್ಲಿ ಜಾಸ್ತಿ. ಕರೆ ಚಿಕ್ಕದು, ಅಪಾಯ ಕಂಡಾಗ, ಗುಂಪು ಚದುರದಿರಲು. ಅದು ವರ್ಷವಿಡೀ ಕೇಳಿಸುತ್ತದೆ. ಗಂಡು, ಹೆಣ್ಣಿನ ದನಿಯೂ ಬೇರೆ ಇರಬಹುದು. ಗಂಡು ಕೋಗಿಲೆಯ ‘ಕುಹೂ’ ಎಲ್ಲರಿಗೂ ಗೊತ್ತು. ಹೆಣ್ಣು ‘ಕಿಕ್ ಕಿಕ್ ಕಿಕ್’ ಅನ್ನುತ್ತದೆ, ಕೇಳಿದರೆ ಕೋಗಿಲೆ ಅಂತ ನಂಬೋದೇ ಕಷ್ಟ!

ದನಿ ಏರುತ್ತಾ, ಇಳಿಯುತ್ತಾ, ಎಷ್ಟು ವೇಗ, ಎಷ್ಟು ಸಲ ಅಂತ ಗಮನಿಸಿ. ನಿಮ್ಮದೇ ಶಬ್ದದಲ್ಲಿ ಬರೆದಿಡಿ. ಎಷ್ಟೇ ವಿಚಿತ್ರವಾಗಿದ್ದರೂ ಪರವಾಗಿಲ್ಲ, ನಿಮಗೆ ನೆನಪಾದರೆ ಸಾಕು ಅಲ್ವಾ?

ಮರ್ಲಿನ್ ಆಪ್ ದನಿ ಕೇಳಿ ಹೆಸರು ಸೂಚಿಸುತ್ತದೆ. ಜೆನೊ-ಕ್ಯಾಂಟೊ ಜಾಲತಾಣದಲ್ಲಿ 2005ರಿಂದ ಪ್ರಪಂಚದ ಹಕ್ಕಿದನಿಗಳು ಸೇರುತ್ತಿವೆ. ಆಪ್ ಹೇಳಿದ್ದನ್ನು ಸುಮ್ನೆ ಒಪ್ಪಬೇಡಿ. ಭೀಮರಾಜನಂಥ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ನಿಮ್ಮನ್ನೂ ಏಮಾರಿಸುತ್ತದೆ. ಹಾಂ, ಗೂಡಿನ ಹತ್ತಿರ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಯಬೇಡಿ. ಎದುರಾಳಿ ಬಂತು ಅಂತ ಅದು ಗಾಬರಿಯಾಗುತ್ತದೆ.